ತವರಿನಲ್ಲಿದ್ದ ಕೂಸಿನ ತೂಕ

ಚಿಕ್ಕಂದಿನಿಂದಲೂ ನನ್ನದು ಕೇಳುವ ಬಾಯಿ. ಮನೆಯಲ್ಲಿ ನನ್ನನ್ನು 'ಪ್ರಶ್ನೆಪತ್ರಿಕೆ' ಎಂದೇ ಆಡಿಕೊಳ್ಳುತ್ತಿದ್ದರು. ಹಾಗಾಗಿ, ಗರ್ಭಿಣಿಯರ ಮತ್ತು ಎಳೆಮಕ್ಕಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರು ಹಳ್ಳಿಹಳ್ಳಿ ತಿರುಗಿ ಪ್ರಶ್ನೆ ಕೇಳಲು ಜನ ಬೇಕು ಅಂದಾಗ, ಅಯ್ಯೋ, ಇದಕ್ಕೆ ಸಂಬಳ ಬೇರೆ ಕೊಡುತ್ತಾರಾ ಎಂದು ಬೆರಗಾದವಳು ನಾನು. ಬೆಳಿಗ್ಗೆ ದುರ್ಗದ ಬಸ್ ಸ್ಟ್ಯಾಂಡಿನಿಂದ ಹೊರಟರೆ ಒಂದು ದಿನ ಹೊಳಲ್ಕೆರೆ ಕಡೆ, ಒಂದು ದಿನ ಹೊಸದುರ್ಗದ ಕಡೆ. ಹೆಗಲಿಗೆ ತೂಕದ ಯಂತ್ರ, ಚೀಲದಲ್ಲಿ ಪ್ರಶ್ನೆಗಳ ಹಾಳೆ. ಏಳನೇ ತಿಂಗಳಲ್ಲಿ ಗರ್ಭಿಣಿಯನ್ನು ನೋಡಬೇಕು. ಹೆರಿಗೆಯಾದ ಮೇಲೆ ಅದೇ ಮನೆಗೆ ಹೋಗಿ ತಾಯಿ, ಮಗು ಇಬ್ಬರನ್ನೂ ನೋಡಬೇಕು. ಸಿಗದಿದ್ದರೆ 'ಊರಲ್ಲಿಲ್ಲ' ಅಂತ ಗುರುತು ಹಾಕಿ ಮುಂದಿನ ಮನೆಗೆ ನಡೆಯಬೇಕು.

ಹೊಳಲ್ಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಅವಳು ಸಿಕ್ಕಿದಳು. ಚಿಕ್ಕ ವಯಸ್ಸು, ಏಳು ತಿಂಗಳ ಬಸುರಿ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಮುಗಿಸಿ, ಒಳಗೆ ಅತ್ತೆ ಇದ್ದಾರೇನೋ ಎಂದು ಒಮ್ಮೆ ಇಣುಕಿ, ದನಿ ತಗ್ಗಿಸಿದಳು.

"ಅಕ್ಕ, ಇಷ್ಟೊತ್ತು ನೀವ್ ಕೇಳಿದ್ರಿ. ನಾನೊಂದ್ ಕೇಳ್ಲಾ? ಮೊದ್ಲನೇದು ಸಣ್ಣಕ್ ಹುಟ್ಟಿತ್ತು. ತಿಂಗ್ಳು ತುಂಬಕ್ಕೂ ಮುಂಚೆ ಹೋಗ್ಬಿಡ್ತು. ಇದು ಉಳಿತೈತಾ?"

"ಉಳಿಯುತ್ತೆ ಕಣಮ್ಮ, ಯಾಕೆ ಉಳಿಯಲ್ಲ" ಎಂದುಬಿಟ್ಟೆ. ನಾನೇನು ಕಂಡಿದ್ದೆ? ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ದಿನ ತುಂಬಿದೆ ಎಂದು ಲೆಕ್ಕ ಹಾಕಿಕೊಂಡು ಮತ್ತೆ ಹೋದೆ. ಅವಳ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಬರ್ರಿ, ಕುಂತ್ಕಳ್ರಿ. ಅವ್ಳು ತವ್ರಿಗೆ ಹೋಗವ್ಳೆ, ಧರ್ಮಪುರದ ಕಡೆ. ಹೆಣ್ಮಗು ಆಗಿ ಹತ್ತು ದಿನ ಆತು. ಐದು ತಿಂಗ್ಳು ಬಿಟ್ಟು ಬರ್ರಿ, ಸಿಗ್ತಾಳೆ."

ಎಂದಿನಂತೆ 'ಊರಲ್ಲಿಲ್ಲ' ಎಂದು ಗುರುತು ಹಾಕಿದೆ. ವಾಪಸು ಬರುವಾಗ ಯಾಕೋ ಹಳೆಯ ಹಾಳೆಗಳನ್ನು ತಿರುವಿ ಹಾಕಿದೆ. ಊರಲ್ಲಿಲ್ಲ, ಊರಲ್ಲಿಲ್ಲ, ಊರಲ್ಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಸರಿಯಾಗಿ ತಾಯಂದಿರೆಲ್ಲ ನಮ್ಮ ಹಾಳೆಯಿಂದ ಮಾಯ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ನಮ್ಮದು ಅದಕ್ಕಿಂತ ಮೇಲು, ಕೂಸೇ ಇಲ್ಲದ ಊರಲ್ಲಿ ಕೂಸು ಹುಡುಕುತ್ತಿದ್ದೆವು. ಈ ಹಾಳೆ ಬರೆದ ಪುಣ್ಯಾತ್ಮರ ಮನೆಯಲ್ಲಿ ಯಾರೂ ಬಾಣಂತನಕ್ಕೆ ತವರಿಗೆ ಹೋಗಿರಲಿಲ್ಲವೇ? ಹೋಗಲಿ, ನಾನೇ ಹೋಗಿದ್ದೆನಲ್ಲ, ನನಗಾದರೂ ಹೊಳೆಯಬಾರದಿತ್ತೇ?

ಮರುದಿನ ಯಾರನ್ನೂ ಕೇಳದೆ ಹಿರಿಯೂರಿನ ಬಸ್ಸು ಹತ್ತಿ, ಅಲ್ಲಿಂದ ಧರ್ಮಪುರದ ಕಡೆ ಹೋದೆ. ದಾರಿಯಲ್ಲಿ ಅವಳ ತವರೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ, "ಅವ್ರು ನಮ್ಮ ಪಟ್ಟೀಲಿಲ್ಲ, ಗಂಡನ ಊರಿನೋರು ನೋಡ್ಕಂತಾರೆ ಅನ್ಕಂಡಿದ್ದೆ" ಅಂದಳು. ಗಂಡನ ಊರಿನ ಕಾರ್ಯಕರ್ತೆ, ತವರಿನವರು ನೋಡುತ್ತಾರೆ ಅಂದುಕೊಂಡಿದ್ದಳು. ಪಾಪ, ಇಬ್ಬರೂ ಒಳ್ಳೆಯವರೇ. ಆ ಮಗುವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮನೆಯ ಬಾಗಿಲಲ್ಲಿ ಅವಳ ತಾಯಿ ಅಡ್ಡ ನಿಂತರು. ತೆಳ್ಳಗಿನ, ಗಟ್ಟಿ ಹೆಂಗಸು. ಎದೆಯ ಬಳಿ ಸೆರಗು ಉಬ್ಬಿತ್ತು. ಮಗುವನ್ನು ಒಳಗೆ ಕಟ್ಟಿಕೊಂಡಿದ್ದಾರೆಂದು ಒಂದು ಗಳಿಗೆಯ ಮೇಲೆ ತಿಳಿಯಿತು. ದೃಷ್ಟಿ ತಾಗೀತೆಂದು ಬಚ್ಚಿಟ್ಟುಕೊಂಡಿದ್ದಾರೆ, ಇಂಥ ಮೂಢನಂಬಿಕೆಯಿಂದಲೇ ಎಲ್ಲ ಹಾಳು ಎಂದು ಮನಸ್ಸಿನಲ್ಲೇ ಬೈದುಕೊಂಡು, ಮಗುವಿನ ತೂಕ ನೋಡಬೇಕು ಎಂದೆ.

"ತೂಕಕ್ಕೆ ಹಾಕಕ್ಕೆ ಅದೇನು ಶೇಂಗಾನಾ? ಕೆಳಗಿಳಿಸಕಿಲ್ಲ ನಾನು" ಅಂದರು.

"ಇಳಿಸ್ಬೇಡಿ ಅಜ್ಜಿ. ಹಂಗೇ ನೀವೇ ಯಂತ್ರದ ಮೇಲೆ ನಿಲ್ಲಿ. ಆಮೇಲೆ ಮಗೂನ ಒಂದು ಗಳಿಗೆ ಮಗಳ ಕೈಗೆ ಕೊಟ್ಟು ಒಬ್ರೇ ನಿಲ್ಲಿ. ನಾನು ಕಳೆದು ನೋಡ್ಕೋತೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ ಒಪ್ಪಿದರು. ಎರಡು ಸಲ ನಿಂತರು, ಎರಡು ಸಲ ಕಳೆದೆ. ಮಗು ಮೊದಲೇ ಸಣ್ಣದು. ಹುಟ್ಟಿದಾಗ ಕಾರ್ಡಿನಲ್ಲಿ ಬರೆದದ್ದಕ್ಕಿಂತ ಈಗ ಇನ್ನೂ ಕಮ್ಮಿ. ಹತ್ತು ದಿನದಲ್ಲಿ ಏರಬೇಕಾದದ್ದು ಇಳಿದಿತ್ತು. ಎದೆ ಕಚ್ಚುತ್ತದೆ, ಎರಡು ಸಲ ಚೀಪಿ ಸುಸ್ತಾಗಿ ಮಲಗಿಬಿಡುತ್ತದೆ ಎಂದು ಬಾಣಂತಿ ಹೇಳಿದಳು. ಹೇಳುತ್ತಲೇ ನನ್ನ ಮುಖ ನೋಡಿ ಅಳತೊಡಗಿದಳು. ಆಸ್ಪತ್ರೆಗೆ ಹೋಗಲೇಬೇಕು ಎಂದೆ. ಹಸಿ ಬಾಣಂತಿಗೆ ಗಾಳಿ ಸೋಕಬಾರದು ಎಂದು ವಾದ ಹೂಡುತ್ತಾರೆ, ನಾನೂ ಬಿಡಬಾರದು ಎಂದು ಟೊಂಕ ಕಟ್ಟಿ ನಿಂತಿದ್ದೆ. ಅಜ್ಜಿ ಒಂದೇ ಮಾತು ಕೇಳಿದರು: "ಗಾಡಿ ಎಷ್ಟೊತ್ತಿಗೆ ಬರ್ತೈತೆ?"

ಹಿರಿಯೂರಿನ ಆಸ್ಪತ್ರೆಯಲ್ಲಿ ತಾಯಿಯ ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದರು. ಮಗುವಿಗೆ ಶಾಖ ಬೇಕು, ಬರಿ ಮೈಯನ್ನು ಬರಿ ಎದೆಗೆ ಒತ್ತಿ ಕಟ್ಟಿಕೊಳ್ಳಬೇಕು, ತಾಯಿ ಸುಸ್ತಾದಾಗ ಬೇರೆಯವರೂ ಕಟ್ಟಿಕೊಳ್ಳಬಹುದು ಎಂದು ನರ್ಸ್ ಬೊಂಬೆ ಹಿಡಿದು ತೋರಿಸಿದಳು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳು ಅನ್ನೋ ಗಾದೆಯ ಹಾಗಾಯಿತು. ನರ್ಸಿನ ಮಾತು ಮುಗಿಯುವ ಮೊದಲೇ ಅಜ್ಜಿ ರವಿಕೆ ಬಿಚ್ಚಿ, ಮಗುವನ್ನು ಎದೆಗೆ ಇಟ್ಟು, ಸೆರಗನ್ನು ಎರಡು ಸುತ್ತು ಬಿಗಿದು ಕೂತಾಗಿತ್ತು. ನನಗೆ ನಾಚಿಕೆಯಾಯಿತು. ಆ ಮನೆಯ ಬಾಗಿಲಲ್ಲಿ ನಾನು ಮೂಢನಂಬಿಕೆ ಎಂದು ಬೈದದ್ದು ಇದನ್ನೇ.

ಅದಾದ ಮೇಲೆ ನಾವು ಮೊದಲ ಭೇಟಿಯಲ್ಲೇ ತವರಿನ ವಿಳಾಸ ಬರೆದುಕೊಳ್ಳತೊಡಗಿದೆವು. ಮಗು ನಿಧಾನಕ್ಕೆ ತೂಕ ಹಿಡಿಯಿತು. ಈಗ ಹೊಳಲ್ಕೆರೆ ಕಡೆಯ ಆ ಹಳ್ಳಿಯಲ್ಲಿ ಓಡಾಡಿಕೊಂಡಿದೆ, ಬಲು ತುಂಟಿಯಂತೆ.

ಆಸ್ಪತ್ರೆಯಿಂದ ಅವರನ್ನು ಮನೆಗೆ ಕಳಿಸುವ ಹಿಂದಿನ ದಿನ ನೋಡಲು ಹೋಗಿದ್ದೆ. ಬಾಣಂತಿ ನಿದ್ದೆ ಹೋಗಿದ್ದಳು. ಮಗು ಅಜ್ಜಿಯ ಎದೆಯ ಮೇಲಿತ್ತು. ಇದನ್ನೆಲ್ಲ ಯಾರು ಕಲಿಸಿದರು ಅಂತ ಕೇಳಿದೆ.

"ಯಾರು ಕಲಿಸ್ತಾರೆ! ಈ ನನ್ ಮಗ್ಳು ಹುಟ್ಟಿದಾಗ ಅಂಗೈಯಷ್ಟು ಇದ್ಲು. ಎದೆಗೆ ಕಟ್ಕಂಡೇ ರೊಟ್ಟಿ ತಟ್ಟಿದೀನಿ."

"ಮತ್ತೆ ಮಗಳ ಮೊದಲನೇ ಮಗುವಿಗೆ?" ಕೇಳಬಾರದಿತ್ತು. ನನ್ನ ಬಾಯಿಗಿಷ್ಟು!

ಅಜ್ಜಿ ಮಗುವಿನ ಬೆನ್ನು ಸವರಿದರು.

"ಅದ್ನೂ ಕಟ್ಕಂಡಿದ್ದೆ. ಹನ್ನೊಂದು ದಿನ. ತೊಟ್ಲಿಗೆ ಹಾಕೋ ಶಾಸ್ತ್ರಕ್ಕೆ ಬೀಗ್ರು ಬಂದ್ರು. 'ಇದೇನು, ಕೋತಿ ಮರಿ ಕಟ್ಕಂಡಂಗೆ ಕಟ್ಕಂಡೀರಿ' ಅಂತ ನಕ್ರು. ನಂಗೆ ನಾಚ್ಕೆ ಆತು. ಇಳಿಸಿ ತೊಟ್ಲಿಗೆ ಹಾಕ್ದೆ. ವಾರದಾಗೆ ಹೋತು." ಮಗಳ ಕಡೆ ನೋಡಿ ದನಿ ಇನ್ನೂ ಸಣ್ಣದು ಮಾಡಿದರು. "ಅವ್ಳಿಗೆ ಇದು ಹೊಳೆದಿಲ್ಲ. ಹೇಳ್ಬ್ಯಾಡ್ರವ್ವ."