ಎದುರು ಮನೆಯವರು ತಂದ ಫ್ಲಾಸ್ಕು

ನನ್ನ ಅಕ್ಕನ ಒಬ್ಬನೇ ಮಗ ವಾಯುಪಡೆಯಲ್ಲಿ ಪೈಲಟ್ ತರಬೇತಿಗೆ ಸೇರಿದಾಗ ಮನೆಯವರೆಲ್ಲ ನಕ್ಕಿದ್ದೆವು. ದಸರಾ ವಸ್ತುಪ್ರದರ್ಶನದಲ್ಲಿ ಜಯಂಟ್ ವ್ಹೀಲು ಅರ್ಧ ಏರುವಷ್ಟರಲ್ಲಿ ಕಿರುಚಾಡಿ, ಅದನ್ನು ನಿಲ್ಲಿಸಿ ಇಳಿದುಕೊಂಡ ಮಹಾಶೂರ ಅವನು. ಅಕ್ಕ ಮಾತ್ರ ನಗಲಿಲ್ಲ. ವಿಮಾನವೆಂದರೆ ಸ್ಕೂಟರಿಗಿಂತ ಸುರಕ್ಷಿತ, ಕುವೆಂಪುನಗರದ ರಸ್ತೆಯಲ್ಲಿರುವಷ್ಟು ಗುಂಡಿ ಆಕಾಶದಲ್ಲಿಲ್ಲ ಎಂದು ಸಿಕ್ಕಿದವರಿಗೆಲ್ಲ ಪಾಠ ಮಾಡುತ್ತಿದ್ದಳು. ತಾನು ಒಂದು ಸಲವೂ ವಿಮಾನ ಹತ್ತಿದವಳಲ್ಲ.

ಆ ದಿನ ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ತರಬೇತಿ ಹಾರಾಟದಲ್ಲಿದ್ದ ವಾಯುಪಡೆಯ ವಿಮಾನ ಹೊಲದಲ್ಲಿ ಬಿದ್ದಿದೆ, ಒಳಗಿದ್ದ ಇಬ್ಬರೂ ಸತ್ತಿದ್ದಾರೆ, ಹೆಸರು ಇನ್ನೂ ಹೇಳಿಲ್ಲ. ಊರು ಅವನಿದ್ದ ಊರೇ. ಅವನ ಫೋನು ಸ್ವಿಚ್ ಆಫ್. ಸಿದ್ಧಾರ್ಥನಗರದಿಂದ ಸ್ಕೂಟರಿನಲ್ಲಿ ಅಕ್ಕನ ಮನೆಗೆ ಹೇಗೆ ತಲುಪಿದೆನೋ ನನಗೆ ನೆನಪಿಲ್ಲ. ಭಾವ ರಿಮೋಟು ಹಿಡಿದು ಚಾನೆಲ್ ಬದಲಾಯಿಸುತ್ತಲೇ ಇದ್ದರು, ಯಾವುದಾದರೂ ಒಂದರಲ್ಲಿ ಬೇರೆ ಸುದ್ದಿ ಸಿಗಬಹುದು ಎನ್ನುವ ಹಾಗೆ. ಅಕ್ಕ ಬೀನ್ಸ್ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ತಿಳಿವಳಿಕೆಯೂ ಹೋಯಿತೇ ಎಂದು ಗದರಿದಳು. ಬಗ್ಗಿ ನೋಡಿದರೆ ಚಪ್ಪಲಿ ಕಾಲಲ್ಲೇ ಇತ್ತು.

ಅಷ್ಟರಲ್ಲಿ ಎದುರು ಮನೆಯವರು ಬಂದರು. ಕೈಯಲ್ಲಿ ದೊಡ್ಡ ಫ್ಲಾಸ್ಕು, ಹಿಂದೆ ಪಕ್ಕದ ರಸ್ತೆಯ ಇಬ್ಬರು ಹೆಂಗಸರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಕಾಫಿ ತಿಂಡಿ ಅಕ್ಕಪಕ್ಕದವರೇ ತರಬೇಕು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ಆದರೆ ಸತ್ತವರ ಹೆಸರು ಟಿವಿಯವರಿಗೆ ಗೊತ್ತಾಗುವ ಮೊದಲೇ ನಮ್ಮಕ್ಕನ ಬೀದಿಗೆ ಗೊತ್ತಾಗಿಬಿಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಇಂಥದ್ದಕ್ಕೂ ಒಪ್ಪುತ್ತದೆಂದು ನನಗೆ ಅವತ್ತೇ ತಿಳಿದದ್ದು.

ಅಕ್ಕ ಫ್ಲಾಸ್ಕನ್ನು ನೋಡಿದಳು. ಎದ್ದು ಹೋಗಿ ಗ್ಯಾಸಿನ ನಾಲ್ಕೂ ಒಲೆ ಹಚ್ಚಿದಳು. ಮೂರರ ಮೇಲೆ ಪಾತ್ರೆಯೇ ಇರಲಿಲ್ಲ.

“ನಮ್ಮನೇಲಿ ಒಲೆ ಉರೀತಿದೆ ಕಣ್ರೀ. ಕೂತ್ಕೊಳ್ಳಿ, ಕಾಫಿ ಕೊಡ್ತೀನಿ,” ಅಂದಳು.

ಮೂವರೂ ಸೋಫಾದ ತುದಿಯಲ್ಲಿ ಕೂತು, ಅವಳು ಕೊಟ್ಟ ಕಾಫಿಯನ್ನು ಕಷಾಯದ ಹಾಗೆ ಕುಡಿದರು. ಸಕ್ಕರೆ ಹಾಕಲು ಮರೆತಿದ್ದಳು. ಹೇಳುವ ಧೈರ್ಯ ಯಾರಿಗಿತ್ತು? ಏಳುವಾಗ ಮತ್ತೊಂದು ಎಡವಟ್ಟು. ಸಾವಿನ ಮನೆಯಿಂದ ಹೊರಡುವವರು ಹೋಗಿ ಬರುತ್ತೇವೆ ಅನ್ನಬಾರದು, ಸದ್ದಿಲ್ಲದೆ ಎದ್ದು ಹೋಗಬೇಕು. ಅವರು ಹಾಗೆಯೇ ಬಾಗಿಲ ಕಡೆ ಸರಿಯತೊಡಗಿದರು. ಅಕ್ಕ ಕುಂಕುಮದ ಭರಣಿ ಹಿಡಿದು ಅಡ್ಡ ನಿಂತಳು. ಒಬ್ಬೊಬ್ಬರ ಹಣೆಗೂ ತಾನೇ ಕುಂಕುಮವಿಟ್ಟು, ಅವರ ಬಾಯಿಂದ ಹೋಗ್ಬರ್ತೀವಿ ಅನ್ನಿಸಿಯೇ ಬಿಟ್ಟಳು. ಮೂರನೆಯವರಿಗೆ ಇಡುವಾಗ ಕುಂಕುಮ ಅವರ ಮೂಗಿನ ಮೇಲೆಲ್ಲ ಉದುರಿತು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಕ್ಕನಷ್ಟು ಹೆದರಿದ ಮನುಷ್ಯರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ಅಕ್ಕನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಭಾವ ರಿಮೋಟನ್ನೇ ಕಿವಿಗೆ ಹಿಡಿದು ಹಲೋ ಅಂದರು. ಅಕ್ಕ ಫೋನು ಎತ್ತಿ ಸ್ಪೀಕರ್ ಹಾಕಿದಳು. ಮಗನೇ. ಅವನ ದನಿ ಕೇಳಿದ್ದೇ, ತಾಯಿಗೆ ಒಂದು ಮಾತು ತಿಳಿಸಲಾರದ ಮಗ ಇದ್ದೇನು ಪ್ರಯೋಜನ ಎಂದು ಹೊಟ್ಟೆ ತುಂಬ ಬೈದಳು. ಅವನು ಎಲ್ಲ ಕೇಳಿಸಿಕೊಂಡ. ಸತ್ತವರ ಮನೆಯವರಿಗೆ ತಿಳಿಸುವವರೆಗೆ ಎಲ್ಲರ ಫೋನುಗಳನ್ನೂ ಮೇಲಧಿಕಾರಿಗಳು ತೆಗೆದಿಟ್ಟುಕೊಂಡಿದ್ದರಂತೆ. ಹೋದವರಲ್ಲಿ ಒಬ್ಬರು ಅವನಿಗೆ ಹಾರಲು ಕಲಿಸುತ್ತಿದ್ದ ಗುರುಗಳು, ಇನ್ನೊಬ್ಬ ಅವನ ರೂಮಿನಲ್ಲೇ ಇದ್ದ ಗೆಳೆಯ. ಗೆಳೆಯನ ದೇಹದ ಜೊತೆ ಅವನ ಊರಿಗೆ ಇವನೇ ಹೋಗಬೇಕಂತೆ.

“ಅಮ್ಮಾ, ಅವರಮ್ಮಂಗೆ ನಾನು ಏನಂತ ಹೇಳ್ಲಿ?” ಅಂದ.

ಯಾರಿಗಾದರೂ ಏನಾದರೂ ಹೇಳಿಕೊಡದೆ ದಿನ ಕಳೆಯದವಳು ನನ್ನ ಅಕ್ಕ. ಆಗ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಏನೂ ಹೇಳ್ಬೇಡ ಕಣೋ. ಸುಮ್ನೆ ಹತ್ರ ಹೋಗಿ ಕೂತ್ಕೊಂಡ್ಬುಡು. ಬೆಳಿಗ್ಗೆ ಅವ್ನು ಏನು ತಿಂದಿದ್ದ ಅಂತ ಕೇಳ್ತಾರೆ. ಅದೊಂದನ್ನ ಸರಿಯಾಗಿ ನೆನಪು ಮಾಡ್ಕೊಂಡು ಹೋಗು.”