ವಾಮಂಜೂರಿನ ಟ್ರಾನ್ಸ್‌ಮಿಟರ್ ಟೀಚರ್

ರೇಡಿಯೊ ಟ್ರಾನ್ಸ್‌ಮಿಟರಿನ ಮುಚ್ಚಳ ತೆರೆದರೆ ಸಾಕು, ಟೀಚರ್ ಅವರ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗಿ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು. ಮಕ್ಕಳ ಕಣ್ಣು ತಪ್ಪಿಸಿ ಪೆಪ್ಪರಮಿಂಟು ಹಿಡಿದುಕೊಂಡವರ ಹಾಗೆ ನಿಂತು, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲವನ್ನೂ ಬಲಗೈಯೊಂದರಲ್ಲೇ ನಡೆಸುತ್ತಿದ್ದರು. ಆ ಕೈಯ ತೋರುಬೆರಳ ತುದಿಯಲ್ಲಿ ಬೇಳೆಯಷ್ಟು ಅಗಲದ ಬಿಳಿಯ ಸುಟ್ಟ ಕಲೆ ಇತ್ತು. "ಒಂದು ಕೈಗೆ ಹೊಡೆದ್ರೆ ಬೆರಳು ಸುಡ್ತದೆ. ಎರಡೂ ಕೈ ಇಟ್ಟರೆ ಕರೆಂಟು ಎದೆ ದಾಟಿಕೊಂಡು ಹೋಗ್ತದೆ ಮಾರಾಯ್ತಿ," ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಎಪ್ಪತ್ತರ ದಶಕದ ಕೊನೆಯ ಭಾಗ. ನಾನು ಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್ ಆಗಿ ಸೇರಿ, ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಮದುವೆ ಆಗಿರಲಿಲ್ಲ. ಇಡೀ ವಾಮಂಜೂರಿಗೆ ಅವರು ಟೀಚರ್. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ. ಹಿತ್ತಿಲಿನ ಹಲಸಿನ ಮರದಿಂದ ಗದ್ದೆ ಬದಿಯ ತೆಂಗಿನ ಮರಕ್ಕೆ ಎಳೆದಿದ್ದ ತಂತಿಯನ್ನು ನೋಡಿ ನಾನು, "ಬಟ್ಟೆ ಒಣಗಿಸಬಹುದಾ ಟೀಚರ್?" ಎಂದು ಕೇಳಿಬಿಟ್ಟಿದ್ದೆ. "ಹಾಕು, ಹಾಕು. ನೈರೋಬಿಗೆ ಹೋಗಿ ಬೀಳ್ತದೆ," ಎಂದು ನಕ್ಕರು.

ನೈರೋಬಿಯಲ್ಲಿ ಅವರ ಅಣ್ಣ ಇದ್ದರು. ಹದಿಹರೆಯದಲ್ಲೇ ಹಡಗು ಹತ್ತಿ ಹೋಗಿ, ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸಕ್ಕೆ ಸೇರಿದವರು. ರಜೆಯಲ್ಲಿ ಊರಿಗೆ ಬಂದಾಗ ತಂಗಿಗೆ ಮೋರ್ಸ್, ಅಂದರೆ ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಹೇಳುವ ಸಂಕೇತ, ಕಲಿಸಿದವರೂ ಅವರೇ. ಇಬ್ಬರಿಗೂ ಹವ್ಯಾಸಿ ರೇಡಿಯೊ ಲೈಸೆನ್ಸ್ ಇತ್ತು. ಹಿತ್ತಿಲಿನ ಆ ತಂತಿಯೇ ಟೀಚರ್ ಅವರ ಆಂಟೆನಾ. ಪ್ರತಿ ಭಾನುವಾರ ಸಂಜೆ ಹಿಂದಿನ ಕೋಣೆಯಿಂದ ಮೋರ್ಸ್ ಕೀಯ ಟಿಕ್ ಟಿಕ್ ಸದ್ದು ಶುರುವಾದರೆ, ಅದು ಅಣ್ಣ ತಂಗಿಯ ಮಾತುಕತೆ.

ಒಂದು ಮಳೆಗಾಲದಲ್ಲಿ ಆ ಸದ್ದು ನಿಂತಿತು. ಆಂಟೆನಾಗೆ ಶಕ್ತಿ ತುಂಬುವ ದೊಡ್ಡ ವಾಲ್ವು, ಬಲ್ಬಿನಂಥ ಗಾಜಿನ ಕೊಳವೆ, ಸರಿಯಾಗಿಯೇ ಇತ್ತು. ಅದಕ್ಕೆ ಮುಂಚೆ ಸಣ್ಣ ಸಂಕೇತವನ್ನು ಬಲಗೊಳಿಸಿ ಕೊಡುವ ಡ್ರೈವರ್ ವಾಲ್ವು ಸತ್ತಿತ್ತು. ಪೇಟೆಯಲ್ಲಿ ಹಂಪನಕಟ್ಟೆಯ ರೇಡಿಯೊ ಅಂಗಡಿಗೆ ನಾನೇ ಹೋಗಿ ಕೇಳಿದೆ. "ವಾಲ್ವು ಈಗ ಯಾರು ತರಿಸ್ತಾರೆ? ಟ್ರಾನ್ಸಿಸ್ಟರ್ ಉಂಟು, ಬೇಕಾ?" ಎಂದರು.

ಅದೇ ಹೊತ್ತಿಗೆ ಆಫ್ರಿಕಾದಿಂದ ಊರಿಗೆ ಬಂದವರೊಬ್ಬರು ಸುದ್ದಿ ತಂದರು. ಅಣ್ಣನಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ತೊದಲುತ್ತಿತ್ತು. ಟೀಚರ್ ಟ್ರಂಕ್ ಕಾಲ್ ಮಾಡಿದರು. ಅತ್ತಿಗೆ "ಚೆನ್ನಾಗಿದ್ದಾರೆ" ಎನ್ನುವಷ್ಟರಲ್ಲಿ ಲೈನು ಕಡಿಯಿತು.

"ಚೆನ್ನಾಗಿದ್ದಾನೆ ಅಂದ್ರೆ ಎಂತ?" ಎಂದು ಟೀಚರ್ ಎರಡು ದಿನ ನನ್ನನ್ನೇ ಕೇಳಿದರು. ಮೂರನೆಯ ದಿನ ಡ್ರೈವರ್ ವಾಲ್ವಿನ ಬದಲಿಗೆ ಕೂರಿಸಲು, ಮೇಜಿನ ಮೇಲೆ ಉಗುರಿನಷ್ಟು ಸಣ್ಣ ಟ್ರಾನ್ಸಿಸ್ಟರುಗಳನ್ನು ಹರಡಿಕೊಂಡು ಕೂತಿದ್ದರು.

"ಬಲಗೈ ಇಲ್ಲದವರು ಕೀ ಹೊಡೆಯುವುದು ಹೇಗೆ ಟೀಚರ್?" ಎಂದೆ.

"ಕೇಳ್ತಾ ಆದ್ರೂ ಇರ್ತಾನಲ್ಲ. ಭಾನುವಾರ ಅವನು ರೇಡಿಯೊ ಮುಂದೆ ಕೂರದೆ ಇರುವವನಲ್ಲ."

ಟ್ರಾನ್ಸಿಸ್ಟರನ್ನೂ ವಾಲ್ವನ್ನೂ ಜೋಡಿಸುವುದು ಸುಲಭವಲ್ಲ. ಟ್ರಾನ್ಸಿಸ್ಟರ್ ಕೊಡುವುದು ಕಡಿಮೆ ವೋಲ್ಟು, ಹೆಚ್ಚು ಕರೆಂಟು. ವಾಲ್ವಿಗೆ ಬೇಕಾದದ್ದು ಅದಕ್ಕೆ ಪೂರಾ ತಿರುಗಾಮುರುಗ. ಟೀಚರ್ ಖಾಲಿ ಮಾತ್ರೆ ಡಬ್ಬಿಯೊಂದಕ್ಕೆ ಟ್ರಾನ್ಸಿಸ್ಟರಿನ ಕಡೆ ಕೆಲವೇ ಸುತ್ತು, ವಾಲ್ವಿನ ಕಡೆ ಒತ್ತೊತ್ತಾಗಿ ಹಲವು ಸುತ್ತು ತಾಮ್ರದ ತಂತಿ ಸುತ್ತಿದರು. ಸ್ವಿಚ್ ಹಾಕಿದರು. ಟ್ರಾನ್ಸಿಸ್ಟರ್ ಸುಟ್ಟಿತು. ಇನ್ನೊಂದು ಹಾಕಿದರು, ಅದೂ ಸುಟ್ಟಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಾಣಲಿಲ್ಲ. ಸತ್ತ ಟ್ರಾನ್ಸಿಸ್ಟರಿನ ಲೋಹದ ಟೋಪಿಯನ್ನು ಅರದಿಂದ ಉಜ್ಜಿ ತೆಗೆದು, ಚಹಾದ ಸಾಸರಿನಲ್ಲಿಟ್ಟು, ಭೂತಗನ್ನಡಿಯಲ್ಲಿ ನೋಡುತ್ತಾ, "ಎಷ್ಟು ಚಂದ ಉಂಟು ನೋಡು ಒಳಗೆ. ಪಾಪ, ಇದನ್ನು ಕೊಂದದ್ದು ಯಾರು?" ಎನ್ನುತ್ತಿದ್ದರು.

ಉತ್ತರ ಬಂದದ್ದು ಕಾಂಪೌಂಡಿನ ಆಚೆಯಿಂದ. ಅಲ್ಲಿದ್ದವರು ಹೋಟೆಲು ನಡೆಸುತ್ತಿದ್ದ ಧಣಿಗಳು. ಮಧ್ಯಾಹ್ನದ ವಾರ್ತೆ ಕೇಳದೆ ಊಟಕ್ಕೆ ಕೂರುವವರಲ್ಲ. ಒಂದು ದಿನ ಗೋಡೆಯ ಮೇಲಿಂದ ಕೂಗಿದರು, "ಎಂತ ಟೀಚರ್ ಇದು? ರೇಡಿಯೊದಲ್ಲಿ ಬರೀ ಗರ್ರ್ ಮಾರಾಯ್ರೆ! ವಾರ್ತೆ ಬೇಡವಾ ನಮಗೆ?"

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಟೀಚರ್ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಈಗಲೂ ಉಂಟಾ ಗರ್ರ್?"

"ಈಗಲೂ ಉಂಟು!"

ಟೀಚರ್ ಮುಖ ಅರಳಿತು. ಏಕೆಂದರೆ ಆಗ ದೊಡ್ಡ ವಾಲ್ವಿಗೆ ಕರೆಂಟು ಹರಿಯುತ್ತಿತ್ತು, ಡ್ರೈವರನ್ನು ಮಾತ್ರ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆವು. "ನಾವು ಮಾತಾಡಿಸದೆ ವಾಲ್ವು ತಾನೇ ಬೊಬ್ಬೆ ಹೊಡೀತಾ ಉಂಟು! ಆ ಬೊಬ್ಬೆ ಹಿಂದಕ್ಕೆ ಬಂದು ಟ್ರಾನ್ಸಿಸ್ಟರನ್ನು ಕೊಲ್ಲುವುದು," ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಧಣಿಗಳೇ, ಒಂದು ಉಪಕಾರ. ರೇಡಿಯೊ ಹತ್ತಿರ ಕೂತು, ಸದ್ದು ಇದ್ರೆ ಹೇಳಿ, ಹೋದ್ರೂ ಹೇಳಿ," ಎಂದು ಬೇಡಿಕೊಂಡರು.

ಜಗಳಕ್ಕೆ ಬಂದವರು ಕೆಲಸಕ್ಕೆ ಕೂತರು. ಟೀಚರ್ ಸ್ವಿಚ್ ಆರಿಸಿ, ವಾಲ್ವಿನ ಮಗ್ಗುಲಿಗೆ ಬಿಸ್ಕತ್ತು ಡಬ್ಬಿಯ ತಗಡನ್ನು ಅಡ್ಡ ನಿಲ್ಲಿಸಿ, ಮತ್ತೆ ಹಾಕಿದರು. ಆಚೆಯಿಂದ ತುಳುವಿನಲ್ಲಿ "ಉಂಡು!" ಎಂದು ಕೂಗು ಬಂತು. ಸದ್ದು ಹೋಗಿರಲಿಲ್ಲ. ವಾಲ್ವಿನ ಬುಡದಲ್ಲಿ ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಸೇರಿಸಿದರು. "ಉಂಡು, ಆದರೆ ಕಮ್ಮಿ!" ನೆತ್ತಿಗೆ ಹೋಗುವ ತಂತಿಯಲ್ಲಿ ಇನ್ನೊಂದು ರೆಸಿಸ್ಟರಿಟ್ಟು, ಅದರ ಮೇಲೆ ನಾಲ್ಕಾರು ಸುತ್ತು ತಂತಿ ಸುತ್ತಿದರು. ಮತ್ತೆ ಸ್ವಿಚ್ ಹಾಕಿದರು. ಆಮೇಲೆ ಧಣಿಗಳ ಗಂಟಲು ಬಿರಿಯಿತು, "ಇಜ್ಜಿ! ಇಜ್ಜಿ ಟೀಚರ್! ಪೂರಾ ಹೋಯಿತು!" ಅಂದು ಅವರ ಊಟ ತಣ್ಣಗಾಗಿರಬೇಕು. ಸಂಜೆ ಮತ್ತೆ ಬಂದು, ಸದ್ದು ಯಾಕೆ ಹೋಯಿತು ಎಂದು ಕೇಳಿಕೊಂಡು ಹೋದರು. ಡ್ರೈವರನ್ನು ಮತ್ತೆ ಜೋಡಿಸಿದೆವು. ಟ್ರಾನ್ಸಿಸ್ಟರ್ ಬದುಕಿತು.

ಭಾನುವಾರ ಸಂಜೆ ಟೀಚರ್ ಕೀ ಮುಂದೆ ಕೂತರು. ಕರೆದರು, ಕಾದರು, ಮತ್ತೆ ಕರೆದರು. ಕೊನೆಗೆ ಗೊರಗೊರದ ನಡುವೆ ಸಣ್ಣ ಸದ್ದೊಂದು ಬಂತು. ಅದು ಹೇಳಿದ ಹೆಸರು ಅಣ್ಣನದೇ. ಟೀಚರ್ ಮಾತ್ರ ಹುಬ್ಬು ಗಂಟಿಕ್ಕಿದರು. "ಇದು ಅವನ ಕೈ ಅಲ್ಲ. ಕುಂಟ್ತಾ ಉಂಟು," ಎಂದರು. ಬರಹದ ಹಾಗೆ ಮೋರ್ಸಿನಲ್ಲೂ ಪ್ರತಿಯೊಬ್ಬರ ಕೈ ಬೇರೆ ಎನ್ನುವುದು ನನಗೆ ತಿಳಿದದ್ದು ಆಗಲೇ. ಅವರು ಕಣ್ಣು ಮುಚ್ಚಿ ಕೇಳಿದರು. ಏನೋ ಹೊಳೆದವರಂತೆ ತಮ್ಮ ಎಡಗೈಯನ್ನು ಮುಂದೆ ತಂದು, ಅದೇ ಅಕ್ಷರಗಳನ್ನು ಮೇಜಿನ ಮೇಲೆ ತಟ್ಟಿ ನೋಡಿದರು. ಅದೇ ಕುಂಟು ನಡಿಗೆ.

"ಎಡಗೈ!" ಎಂದರು. "ಎಡಗೈಯಲ್ಲಿ ಕಲ್ತಿದ್ದಾನೆ ಮಾರಾಯ್ತಿ, ನನ್ನಣ್ಣ!" ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು. ಕೀಯನ್ನು ಎಡಕ್ಕೆ ಸರಿಸಿಕೊಂಡು, ಅಣ್ಣನಷ್ಟೇ ನಿಧಾನವಾಗಿ, ಅವರಷ್ಟೇ ತಪ್ಪು ಮಾಡುತ್ತಾ, ತಾವೂ ಎಡಗೈಯಲ್ಲೇ ಉತ್ತರ ಕೊಟ್ಟರು. ಅಣ್ಣ ತೀರಿಕೊಳ್ಳುವವರೆಗೆ, ಸುಮಾರು ಎರಡು ವರ್ಷ, ಭಾನುವಾರದ ಮಾತು ಹಾಗೇ ನಡೆಯಿತು.

ಎಂಬತ್ತರ ದಶಕದ ನಡುವೆ ಟೀಚರ್ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದರು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ನಾನು ಕಾಲೇಜಿನಿಂದ ನೇರ ಹೋಗಿ ಪಕ್ಕದಲ್ಲಿ ಕೂತೆ. ಅವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದರು.

"ಅದರ ಸದ್ದು ಕೇಳು. ಎಷ್ಟು ನಿಧಾನ! ನರ್ಸ್ ಹೇಳಿದಳು, ವೋಲ್ಟೇಜ್ ಕಮ್ಮಿ ಅಂತ. ಹಾಗಾದ್ರೆ ಲೈಟೂ ಮಂಕಾಗಬೇಕಲ್ಲ? ನನಗೆ ಕಣ್ಣು ಸರಿ ಕಾಣುವುದಿಲ್ಲ. ಫ್ಯಾನಿನ ಕೆಪಾಸಿಟರ್ ಹೋಗಿದೆ ಅಂತ ನನಗೆ ಕಾಣ್ತದೆ. ನಾಳೆ ಲೈಟು ಹಾಕುವ ಹೊತ್ತಿಗೆ ಬಂದು ನೋಡಿ ಹೇಳ್ತೀಯಾ?"

"ಹೇಳ್ತೇನೆ ಟೀಚರ್," ಎಂದೆ.

ಮರುದಿನ ಬಸ್ಸು ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದು ತಡವಾಯಿತು. ವಾರ್ಡಿಗೆ ಹೋದಾಗ ಲೈಟು ಹಾಕಿದ್ದರು. ಹಾಸಿಗೆಗೆ ಹೊಸ ಬೆಡ್‌ಶೀಟು ಹಾಸಿತ್ತು. ಮಧ್ಯಾಹ್ನವೇ ತೀರಿಹೋದರು ಎಂದು ನರ್ಸ್ ಹೇಳಿದಳು. ನಾನು ಅಲ್ಲೇ ನಿಂತು ಮೊದಲು ಬಲ್ಬನ್ನು, ಆಮೇಲೆ ಫ್ಯಾನನ್ನು ನೋಡಿದೆ. ಬಲ್ಬು ಪ್ರಖರವಾಗಿ ಉರಿಯುತ್ತಿತ್ತು. ಫ್ಯಾನು ರೆಕ್ಕೆ ಎಣಿಸಬಹುದಾದಷ್ಟು ನಿಧಾನವಾಗಿ ತಿರುಗುತ್ತಿತ್ತು.

"ಸಿಸ್ಟರ್, ಅದರ ಕೆಪಾಸಿಟರ್ ಹೋಗಿದೆ," ಎಂದೆ. ಅದನ್ನು ಟೀಚರಿಗೇ ಹೇಳಬೇಕಾಗಿತ್ತು.