ಏಳಾಳು ಆಳದ ಬೊಂಬೆ

ಬದುಕಿಡೀ ಗುಂಡಿ ತೋಡಿದ ಎಲಿಯೊದೊರೊ ಬೆದೋಯನಿಗೆ ಕೊನೆಗೆ ಕೈಕೊಟ್ಟಿದ್ದು ಪ್ಯಾಂಟಿನ ಗುಂಡಿ. ಚಿನ್ನದ ಮ್ಯೂಸಿಯಮ್ಮಿನ ಬಾಗಿಲಲ್ಲಿ ಯಂತ್ರ ಕುಂಯ್ ಅಂದಿತು. ಬೆಲ್ಟು ಬಿಚ್ಚಿಸಿದರು, ಮತ್ತೆ ಕುಂಯ್. ಕೈ ಮೇಲೆತ್ತು ಅಂದರು, ಎತ್ತಿದ, ಪ್ಯಾಂಟು ಕೆಳಗಿಳಿಯಿತು. ಹಿಂದೆ ಸಾಲುಗಟ್ಟಿದ್ದ ಕಾನ್ವೆಂಟ್ ಹುಡುಗಿಯರು ಸಿಸ್ಟರ್ ಕಣ್ಣು ತಪ್ಪಿಸಿ ಚೆನ್ನಾಗಿಯೇ ನೋಡಿದರು.

"ಗುಂಡು ಕಣಯ್ಯ," ಎಂದು ಮುದುಕ ಕಾವಲುಗಾರನಿಗೆ ತೊಡೆ ತೋರಿಸಿದ. "ಒಳಗೇ ಉಳ್ಕೊಂಡಿದೆ. ಬೇಕಾದ್ರೆ ಕಿತ್ತು ನಿನ್ನ ತಟ್ಟೇಲಿ ಇಟ್ಕೋ."

ಮಗಳು ನೂಬಿಯಾ ಪ್ಯಾಂಟು ಏರಿಸಿ ತನ್ನ ತಲೆಪಿನ್ನು ಚುಚ್ಚಿದಳು. ನಾಚಿಕೊಳ್ಳಲು ಅವಳಿಗೆ ಬಿಡುವಿರಲಿಲ್ಲ. ಅವಳು ಬಂದದ್ದು ಒಂದೇ ಒಂದು ವಿಷಯ ತಿಳಿಯಲು: ತನ್ನ ದೀಕ್ಷಾಸ್ನಾನದಲ್ಲಿ ಜ್ಞಾನತಂದೆಯಾಗಿ ನಿಂತಿದ್ದ, ಅಪ್ಪನ ಜೊತೆ ಗುಂಡಿ ತೋಡುತ್ತಿದ್ದ ಸಾವುಲ್ ಸತ್ತದ್ದು ಹೇಗೆ? ಭಾನುವಾರದ ಪೂಜೆಯಲ್ಲಿ ಪಾದ್ರಿ ಶಾಂತಿ ಹಂಚಿಕೊಳ್ಳಿ ಎಂದಾಗ ಸಾವುಲನ ವಿಧವೆ ಅರಾಸೆಲಿ ಎಲ್ಲರ ಕೈ ಕುಲುಕಿ, ನೂಬಿಯಾಳ ಸರದಿ ಬಂದೊಡನೆ ಕೈಯನ್ನು ಶಾಲಿನೊಳಗೆ ಸೇರಿಸಿಬಿಡುತ್ತಾಳೆ. "ನಿಮ್ಮಪ್ಪ ಹಗ್ಗ ಕತ್ತರಿಸ್ದ." ನಲವತ್ತು ವರ್ಷದಿಂದ ಅವಳದು ಅದೊಂದೇ ಮಾತು. ಅಪ್ಪನದೂ ಒಂದೇ ಮಾತು: "ಗೋರಿ ಕುಸೀತು." ಆ ಗೋರಿಯಿಂದ ತೆಗೆದ ಚಿನ್ನದ ಬೊಂಬೆ ಈಗ ಇಲ್ಲಿದೆ. ಅದನ್ನು ಕಂಡರಾದರೂ ಅವನು ಬಾಯಿ ಬಿಡಬಹುದೆಂದು ನೂಬಿಯಾ ಬಸ್ಸು ಹತ್ತಿಸಿದ್ದಳು.

ಎಲಿಯೊದೊರೊಗೆ ಎಂಟು ವರ್ಷವಾಗಿದ್ದಾಗ, ಪಕ್ಷದ ಬಣ್ಣ ನೋಡಿ ಕುತ್ತಿಗೆ ಕೊಯ್ಯುತ್ತಿದ್ದ ಕಾಲದಲ್ಲಿ, ಅವನ ಅಪ್ಪನ ತಲೆಯನ್ನು ಕಾಫಿ ಒಣಗಿಸುವ ಕಣದಲ್ಲೇ ಇಳಿಸಿದರು. ಹುಡುಗ ತೋಡಿದ ಮೊದಲ ಗುಂಡಿ ಅದಕ್ಕೆ. ಆಮೇಲೆ ಚಿನ್ನಕ್ಕಾಗಿ ಬೆಟ್ಟದ ಹಳಬರ ಗೋರಿಗಳಿಗೆ ಕೈ ಹಾಕಿದ. ಸ್ಪೇನಿನವರು ಬರುವ ಮೊದಲೇ ಸತ್ತವರು, ತಿರುಗಿ ಹೊಡೆಯುವುದಿಲ್ಲ.

ಹೊಡೆಯುತ್ತಿದ್ದವರು ಜೊತೆಗಾರರು. ಗೋರಿಗೆ ಇಳಿಯುವ ಮುನ್ನ ಅವನೂ ಸಾವುಲನೂ ಟೋಪಿ ತೆಗೆದು, ನನ್ನ ಹೊಟ್ಟೆಯಲ್ಲಿ ಕಿಚ್ಚಿಲ್ಲ ಎಂದು ಹೇಳಿಕೊಳ್ಳಬೇಕು. ಅಸೂಯೆ ಪಟ್ಟವನ ಮುಂದೆ ಚಿನ್ನ ಇದ್ದಲ್ಲೇ ಇದ್ದಿಲಾಗುತ್ತದೆ. ಒಮ್ಮೆ ಬರೀ ಇದ್ದಿಲೇ ಸಿಕ್ಕಿತು. "ನಿನ್ನ ಹೊಟ್ಟೆಕಿಚ್ಚು," ಅಂದ ಸಾವುಲ್. "ನಿಂದು," ಅಂದ ಎಲಿಯೊದೊರೊ, ಸನಿಕೆಯ ಕಾವಿನಿಂದ ಅವನ ಮೂರು ಹಲ್ಲು ಉದುರಿಸಿದ. ಉಳಿದ ಹಲ್ಲುಗಳಲ್ಲಿ ಸಾವುಲ್ ಇವನ ಎಡಗಿವಿ ಕಚ್ಚಿ ಉಗಿದ. ಮರುವಾರ ಒಂದೇ ಬಾಟಲಿಯಲ್ಲಿ ಕುಡಿದು ಇಬ್ಬರೂ ಮುಂದಿನ ಗೋರಿಗೆ ಹೋದರು. ವಾಪಸು ಬಂದವನು ಒಬ್ಬ.

ಮಾರನೆಯ ದಿನ ಸಾವುಲನ ತಮ್ಮಂದಿರು ಬಂದೂಕು ತಂದರು. ತೊಡೆಯ ಗುಂಡು ಆಗಿನದು. ಒಬ್ಬ ತಮ್ಮನ ಮೂರು ಬೆರಳು ಎಲಿಯೊದೊರೊನ ಮಚ್ಚಿಗೆ ಹೋದವು. ಬೊಂಬೆ ದಲ್ಲಾಳಿಗೆ ಹೋಯಿತು, ನೂಬಿಯಾ ಬೆಳೆದ ಮನೆಗೆ ತಗಡಿನ ಸೂರು ಬಂತು.

ಮ್ಯೂಸಿಯಮ್ಮಿನ ಗಾಜಿನ ಹಿಂದೆ ಅಂಗೈಯಗಲದ ಚಿನ್ನದ ಮನುಷ್ಯ ಪೀಠದ ಮೇಲೆ ಕೂತಿದ್ದ.

"ಎಷ್ಟು ಪ್ರಶಾಂತವಾದ ಮುಖ ನೋಡಿ," ಎಂದಳು ಹುಡುಗಿಯರಿಗೆ ವಿವರಿಸುತ್ತಿದ್ದ ಗೈಡಮ್ಮ. "ಮಂಡಿ ಮೇಲಿನ ತಗ್ಗು ಬಹುಶಃ ಯಾವುದೋ ವಿಧಿಯ ಗುರುತು."

"ಸನಿಕೆ ಗುರುತಮ್ಮಾ," ಎಂದ ಮುದುಕ. "ಸಾವುಲ್‌ಗೆ ಕೈ ನಿಧಾನ ಇರ್ಲಿಲ್ಲ."

ಹುಡುಗಿಯರು ಮುಂದಿನ ಪೆಟ್ಟಿಗೆಗೆ ಹೋದರು. ನೂಬಿಯಾ ಕದಲಲಿಲ್ಲ. "ಆಮೇಲೆ?"

"ಆಮೇಲೇನು. ಅವನು ಏಳಾಳು ಕೆಳಗೆ. ಬಕೆಟ್ಟಲ್ಲಿ ಈ ಚಿನ್ನದೋನು ಮೇಲೆ ಬಂದ. ನೋಡ್ದೆ. ಹೊಟ್ಟೆಕಿಚ್ಚು ಬಂತು ಕಣೇ, ಸುಳ್ಯಾಕೆ. ಇದು ನಂಗೇ ಅಂದೆ. ಕೈ ಕಡೀತೀನಿ ಮಗ್ನೆ ಅಂತ ಸಾವುಲ್ ಮರಕ್ಕೆ ಕಟ್ಟಿದ್ದ ಹಗ್ಗ ಹಿಡ್ದು ಹತ್ತಕ್ಕೆ ಶುರು ಮಾಡ್ದ, ಮಚ್ಚು ಬಾಯಲ್ಲಿ ಕಚ್ಕೊಂಡು. ಮೂರು ಹಲ್ಲು ಇಲ್ದಿದ್ರೂ ಗಟ್ಟಿಯಾಗೇ ಕಚ್ಚಿದ್ದ. ತಲೆ ಕಾಣಿಸ್ತು."

ಮುಂದಿನ ಭಾನುವಾರ ತನ್ನ ಕೈಯನ್ನು ಅರಾಸೆಲಿಯ ಮುಂದೆ ಚಾಚುವುದೋ ಬಿಡುವುದೋ ನೂಬಿಯಾಗೆ ಈಗಲೇ ಗೊತ್ತಾಗಬೇಕಿತ್ತು.

"ಅಪ್ಪಾ, ಹಗ್ಗ ಕತ್ತರಿಸಿದ್ದು ನೀನೇನಾ?"

ಮುದುಕನಿಗೆ ನಿಜಕ್ಕೂ ಬೇಸರವಾಯಿತು.

"ಹೊಸಾ ಹಗ್ಗ ಕಣೇ ಅದು. ಯಾರಾದ್ರೂ ಕತ್ತರಿಸ್ತಾರಾ? ಗಂಟು ಬಿಚ್ಚಿದೆ."